ನಕ್ಷೆಯಿಂದ ಅಳಿಸಿದ ಊರು

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನ ಪಾಠ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದೆ. "ಊರು ಅಂದರೆ ಏನು?" ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳುತ್ತಿದ್ದರು. ಕೆರೆ, ಗುಡಿ, ಶಾಲೆ, ದಾರಿ, ಸಂತೆ ಮೈದಾನ, ಹೊಲಗದ್ದೆ, ಸ್ಮಶಾನ. ನಾನು ಅವನ್ನೆಲ್ಲ ಕರಿಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಒಂದು ಗುರುತು ಹಾಕಿ, ನೋಡುನೋಡುತ್ತಿದ್ದಂತೆ ಅದೊಂದು ನಕ್ಷೆಯಾಗುವ ಹಾಗೆ ಮಾಡುತ್ತಿದ್ದೆ. ನೀರು ಇರುವ ಕಡೆ ಜನ ನಿಲ್ಲುತ್ತಾರೆ, ಜನ ನಿಂತ ಕಡೆ ದಾರಿ ಆಗುತ್ತದೆ, ದಾರಿ ಕೂಡಿದ ಕಡೆ ಊರು ಬೆಳೆಯುತ್ತದೆ ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. ನನಗೆ ಬಹಳ ಹೆಮ್ಮೆಯ ಪಾಠ ಅದು.

ಒಂದು ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಊರು ಅಂದರೆ ಅಜ್ಜಿ ಮನೆ, ಮಿಸ್" ಎಂದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಅದಕ್ಕೆ ನಕ್ಷೆಯಲ್ಲಿ ಗುರುತು ಇಲ್ಲ ಕಣಮ್ಮ, ಕೂತ್ಕೋ" ಎಂದೆ.

ಅದೇ ಹುಡುಗಿ ಚಿತ್ರ ಚೆನ್ನಾಗಿ ಬರೆಯುತ್ತಿದ್ದಳು. 1994ರಲ್ಲಿರಬೇಕು, ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ಕಾಗದ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಯೂರೋಪಿನಲ್ಲೆಲ್ಲೋ ಮಕ್ಕಳ ಚಿತ್ರಗಳ ಪ್ರದರ್ಶನ ಮಾಡುತ್ತಾರಂತೆ, ನಮ್ಮ ಶಾಲೆಯಿಂದ ನಾಲ್ಕು ಚಿತ್ರ ಕಳಿಸೋಣ, ಈ ಊರು ಎಲ್ಲಿದೆ ನೋಡಿ ಹೇಳಿ ಮೇಡಂ, ಎಂದರು. ಕಾಗದದಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿತ್ತು. ನಾನು ಅದನ್ನು 'ಲಿಡೈಸ್' ಎಂದು ಓದಿದೆ. ಶಾಲೆಯ ಅಟ್ಲಾಸು ತೆಗೆದರೆ ಅದರಲ್ಲಿ ಇನ್ನೂ ಚೆಕೊಸ್ಲೊವಾಕಿಯಾ ಎಂದೇ ಇತ್ತು. 1993ರ ಜನವರಿ ಒಂದರಂದು ಆ ದೇಶ ಎರಡಾಗಿತ್ತು. ನಾನೇ ಪೆನ್ನಿನಲ್ಲಿ ಗೆರೆ ಎಳೆದು ತಿದ್ದಿದ್ದೆ. ಪ್ರಾಗ್ ಸಿಕ್ಕಿತು. ಸುತ್ತ ಬೆಟ್ಟಗಳ ಸಾಲು, ನಡುವೆ ಬೋಗುಣಿಯ ಹಾಗಿರುವ ಬೊಹೀಮಿಯಾ ಸಿಕ್ಕಿತು. ಆದರೆ ಆ ಊರು ಎಷ್ಟು ಹುಡುಕಿದರೂ ಸಿಗಲಿಲ್ಲ. "ಚಿಕ್ಕ ಹಳ್ಳಿ ಇರಬೇಕು ಸಾರ್, ನಮ್ಮ ಅಟ್ಲಾಸಿನಲ್ಲಿಲ್ಲ" ಎಂದೆ. ಯುದ್ಧದಲ್ಲಿ ಸತ್ತ ಮಕ್ಕಳ ನೆನಪಿಗೆ ಈ ಪ್ರದರ್ಶನ ಮಾಡುತ್ತಾರೆ ಎಂದು ಕಾಗದದಲ್ಲಿ ಒಂದು ಸಾಲಿತ್ತು. ಅಷ್ಟನ್ನು ಓದಿ ಮಡಿಸಿಟ್ಟೆವು. ಆ ಹುಡುಗಿ ಅಜ್ಜಿ ಮನೆಯ ಚಿತ್ರವನ್ನೇ ಬರೆದುಕೊಟ್ಟಳು. ಹೆಂಚಿನ ಮನೆ, ಜಗಲಿ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತ ಅಜ್ಜಿ. ಅಂಚೆಗೆ ಹಾಕಿದೆವು. ಬಹುಮಾನವೇನೂ ಬರಲಿಲ್ಲ. ಮರೆತೂಬಿಟ್ಟೆವು.

2018ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾನು ಪ್ರಾಗ್‌ಗೆ ಹೋದೆ. ಅಳಿಯನ ಕೆಲಸ ಅಲ್ಲಿ. ಅಂಟಿನುಂಡೆ, ಮೆಣಸಿನ ಪುಡಿ, ಬಜೆ, ಸಾಮ್ರಾಣಿ, ಹಳೆಯ ಹತ್ತಿ ಸೀರೆಗಳು, ಎಲ್ಲವನ್ನೂ ಗಂಟು ಕಟ್ಟಿಕೊಂಡು ಹೋಗಿದ್ದೆ. ಮೊಮ್ಮಗಳು ಹುಟ್ಟಿದಳು. ಎಣ್ಣೆ ನೀರು ಹಾಕುವುದು, ಕಾಲ ಮೇಲೆ ಮಲಗಿಸಿಕೊಂಡು ತಟ್ಟುವುದು, ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ನಡೆಯದೆ ಹೋದದ್ದು ಒಂದೇ. ಅಳಿಯ ಮಗುವನ್ನು ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದರು. ಮನೆಗೆ ಬರುತ್ತಿದ್ದ ದಾದಿ ಚೆಕ್ ಭಾಷೆಯಲ್ಲಿ ಮುದ್ದು ಮಾಡುತ್ತಿದ್ದಳು. ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರಕ್ಕೆ ಬಿಡುತ್ತೇವೆ, ಅಲ್ಲಿ ಚೆಕ್ ತಾನಾಗಿಯೇ ಬರುತ್ತದೆ ಎಂದು ಮಗಳು ಖುಷಿಯಿಂದ ಹೇಳಿದಳು. ನನಗೆ ಎಲ್ಲಿಲ್ಲದ ಸಂಕಟವಾಯಿತು.

"ಹಾಗಾದರೆ ನಾನು ಇವಳ ಜೊತೆ ಯಾವ ಭಾಷೆಯಲ್ಲಿ ಮಾತಾಡಲಿ? ನೀನು ನನ್ನ ಮೊಮ್ಮಗಳನ್ನು ನನ್ನಿಂದ ಕಿತ್ತುಕೊಂಡ ಹಾಗೆ ಆಗಲಿಲ್ಲವೇನೇ?" ಎಂದುಬಿಟ್ಟೆ. ಬಾಣಂತಿಗೆ ಆಡಬಾರದ ಮಾತು. ಮಗಳು ಗೋಡೆ ಕಡೆ ತಿರುಗಿ ಮಲಗಿದಳು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆ ಎರಡು ದಿನದಲ್ಲಿ ಒಂದು ಸಂಜೆ, ಅಳಿಯ ನನ್ನನ್ನು ಸಮಾಧಾನ ಮಾಡಲೆಂದು ನಗರದ ನಕ್ಷೆ ಹರಡಿ, "ಅತ್ತೆ, ನೀವು ಭೂಗೋಳದ ಟೀಚರು. ಏನೇನು ನೋಡಬೇಕು ಹೇಳಿ, ಕರೆದುಕೊಂಡು ಹೋಗುತ್ತೇನೆ" ಎಂದರು. ಕೋಟೆ, ಸೇತುವೆ, ಗಡಿಯಾರದ ಗೋಪುರ ಎಂದು ಬೆರಳಿಟ್ಟು ತೋರಿಸುತ್ತಿದ್ದವರು ವಿಮಾನ ನಿಲ್ದಾಣದ ಕಡೆಗೆ ಬಂದರು. ಅದರಾಚೆ, ವಾಯುವ್ಯ ದಿಕ್ಕಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಹೆಸರು ಕಂಡಿತು. ನನ್ನ ಕಣ್ಣು ಅಲ್ಲೇ ನಿಂತಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅಟ್ಲಾಸಿನಲ್ಲಿ ಸಿಗದೆ ಹೋದ ಊರು! ಅದನ್ನು ಲಿಡೈಸ್ ಎನ್ನುವುದಿಲ್ಲ, ಲಿದಿತ್ಸೆ ಎನ್ನುತ್ತಾರೆ ಎಂದು ಅಳಿಯ ತಿದ್ದಿದರು. ನಗರದಿಂದ ಇಪ್ಪತ್ತು ಕಿಲೋಮೀಟರು, ಅಷ್ಟೆ.

ಬಾಣಂತಿಯನ್ನೂ ಎಳೆಗೂಸನ್ನೂ ಅಂಥ ಜಾಗಕ್ಕೆ ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಅಳಿಯ ಒಂದು ದಿನ ರಜಾ ಹಾಕಿ ಮನೆಯಲ್ಲಿ ನಿಂತರು. ಮಗಳು ಒಂದು ಚೀಟಿಯಲ್ಲಿ ಚೆಕ್ ಭಾಷೆಯಲ್ಲಿ ನಮ್ಮ ಮನೆಯ ವಿಳಾಸ, ಬಸ್ಸಿನ ವಿವರ ಎಲ್ಲ ಬರೆದುಕೊಟ್ಟಳು. ನಾನು ಒಂದು ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ ಹಾಕಿಕೊಂಡು, ದಾರಿಯಲ್ಲಿ ಹೆಣೆಯಲು ಮೊಮ್ಮಗಳ ಕುಲಾವಿಯ ಉಣ್ಣೆ ಮತ್ತು ಕಡ್ಡಿ ಚೀಲಕ್ಕೆ ಸೇರಿಸಿಕೊಂಡು ಹೊರಟೆ. ಅರವತ್ತೆರಡರ ವಯಸ್ಸಿನಲ್ಲಿ ಪರದೇಶದಲ್ಲಿ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು.

ಮೆಟ್ರೋ ಇಳಿದು ಬಸ್ಸು ಹಿಡಿದರೆ ಅರ್ಧ ಗಂಟೆಯ ದಾರಿ. ಎರಡೂ ಕಡೆ ಗೋಧಿಯ ಹೊಲ, ಅಲ್ಲಲ್ಲಿ ಕೆಂಪು ಗಸಗಸೆ ಹೂವು, ಏರಿಳಿಯುವ ತಗ್ಗು ದಿಬ್ಬಗಳು. ಮುಂದೆ ಕ್ಲಾದ್ನೊ ಎನ್ನುವ ಪಟ್ಟಣವಿದೆ. ಅದರ ಅಡಿಯಲ್ಲಿ ಕಲ್ಲಿದ್ದಲು, ಅದರ ಮೇಲೆ ಉಕ್ಕಿನ ಕಾರ್ಖಾನೆ. ಗಣಿಗಳು ಈಗ ಮುಚ್ಚಿವೆ. ಒಂದು ಕಾಲಕ್ಕೆ ಲಿದಿತ್ಸೆಯ ಗಂಡಸರಲ್ಲಿ ಬಹಳ ಮಂದಿ ಆ ಗಣಿಗಳಿಗೆ, ಆ ಕಾರ್ಖಾನೆಗಳಿಗೆ ದುಡಿಯಲು ಹೋಗುತ್ತಿದ್ದರು. ಉಳಿದವರದು ಬೇಸಾಯ. ಬಸ್ಸಿಳಿದು ನಿಂತಾಗ ನನ್ನೊಳಗಿನ ಟೀಚರು ಕಣ್ಣರಳಿಸಿ ನೋಡತೊಡಗಿದಳು. ಇಳಿಜಾರು ಎತ್ತ ಇದೆ, ನೀರು ಎತ್ತ ಹರಿಯುತ್ತದೆ, ಊರು ಎಲ್ಲಿ ಕೂತಿರಬೇಕು?

ನೋಡಿದರೆ ಊರೇ ಇಲ್ಲ. ಎದುರಿಗೆ ಒಂದು ಅಗಲವಾದ, ಮೆತ್ತನೆಯ ಹಸಿರು ಕಣಿವೆ. ಹುಲ್ಲು ಒಪ್ಪವಾಗಿ ಕತ್ತರಿಸಿದೆ. ಅಲ್ಲೊಂದು ಇಲ್ಲೊಂದು ಮರ. ನಡುವೆ ಒಂದು ಸಣ್ಣ ತೊರೆ. ಗೊತ್ತಿಲ್ಲದವರು ಚಾಪೆ ಹಾಸಿ ಬುತ್ತಿ ಬಿಚ್ಚಬಹುದಾದಷ್ಟು ಚೆಂದದ ಜಾಗ. ಊರಿದ್ದದ್ದು ಅಲ್ಲೇ.

ಬರಹದಲ್ಲಿ ಈ ಊರಿನ ಹೆಸರು ಮೊದಲ ಸಲ ಕಾಣುವುದು 1318ರಲ್ಲಿ. ಅಂದರೆ ಏಳುನೂರು ವರ್ಷದ ಊರು. ಸಂತ ಮಾರ್ಟಿನನ ಹೆಸರಿನ ಇಗರ್ಜಿ, ಶಾಲೆ, ಕೊಳ, ತೊರೆ, ಸ್ಮಶಾನ, ಊರಂಚಿಗೆ ಹೊರಾಕ್ ಮನೆತನದ ದೊಡ್ಡ ತೋಟದ ಮನೆ. ನೂರರ ಆಸುಪಾಸು ಮನೆಗಳು, ಸುಮಾರು ಐನೂರು ಜನ. ನನ್ನ ಕರಿಹಲಗೆಯ ಪಾಠದಲ್ಲಿ ಮಕ್ಕಳು ಹೇಳುತ್ತಿದ್ದುದೆಲ್ಲ ಅಲ್ಲಿತ್ತು. ಪ್ರಪಂಚಕ್ಕೆ ಗೊತ್ತಾಗುವಂಥ ವಿಶೇಷವೇನೂ ಅಲ್ಲಿರಲಿಲ್ಲ. ಬೇಕೂ ಇರಲಿಲ್ಲ.

1939ರಲ್ಲಿ ಹಿಟ್ಲರನ ಸೇನೆ ಪ್ರಾಗ್‌ಗೆ ಬಂದು ಕೂತಿತು. 1941ರಲ್ಲಿ ಆ ನಾಡನ್ನು ಆಳಲು ಬಂದ ಹೈಡ್ರಿಕ್ ಮಹಾ ಕ್ರೂರಿ. 1942ರ ಮೇ 27ರಂದು, ಬ್ರಿಟನ್ನಿನಲ್ಲಿ ತರಬೇತಿ ಪಡೆದು ಬಂದಿದ್ದ ಚೆಕೊಸ್ಲೊವಾಕಿಯಾದ ಇಬ್ಬರು ಸೈನಿಕರು ಪ್ರಾಗ್‌ನ ಒಂದು ತಿರುವಿನಲ್ಲಿ ಅವನ ಕಾರಿನ ಮೇಲೆ ಬಾಂಬು ಎಸೆದರು. ಜೂನ್ 4ರಂದು ಅವನು ಸತ್ತ. ಹಿಟ್ಲರನಿಗೆ ಸೇಡು ಬೇಕಾಗಿತ್ತು. ಆದರೆ ಪ್ರಾಗ್‌ನಲ್ಲಿ ನಡೆದದ್ದಕ್ಕೆ ಈ ಹಳ್ಳಿ ಏಕೆ?

ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ. ಒಂದು ಪ್ರೇಮಪತ್ರ. ಮದುವೆಯಾದ ಗಂಡಸೊಬ್ಬ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ಜೊತೆ ಸ್ನೇಹ ಬೆಳೆಸಿ, ಅದರಿಂದ ಕಳಚಿಕೊಳ್ಳಬೇಕೆಂದು, ತಾನೇನೋ ದೊಡ್ಡ ಗುಪ್ತ ಕಾರ್ಯದಲ್ಲಿ ಇದ್ದೇನೆ, ಇನ್ನು ನಾವು ಸಿಗುವುದಿಲ್ಲ ಎಂಬರ್ಥದ ಚೀಟಿ ಬರೆದ. ಆ ಚೀಟಿ ಹುಡುಗಿಯ ಕೈ ಸೇರುವ ಬದಲು ಕಾರ್ಖಾನೆಯ ಮಾಲೀಕನ ಕೈ ಸೇರಿ, ಅಲ್ಲಿಂದ ಪೊಲೀಸರ ಕೈ ಸೇರಿತು. ವಿಚಾರಣೆಯಲ್ಲಿ ಲಿದಿತ್ಸೆಯ ಹೊರಾಕ್ ಮನೆತನದ ಹೆಸರು ಬಂತು. ಆ ಮನೆಯ ಮಗನೊಬ್ಬ ಬ್ರಿಟನ್ನಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿನ ವಾಯುಪಡೆ ಸೇರಿದ್ದ. ಮನೆ ಶೋಧಿಸಿದರು, ಏನೂ ಸಿಗಲಿಲ್ಲ. ಹೈಡ್ರಿಕ್‌ನ ಕೊಲೆಗೂ ಈ ಊರಿಗೂ ನಂಟಿಲ್ಲ ಎನ್ನುವುದು ಪೊಲೀಸರಿಗೂ ತಿಳಿದಿತ್ತು. ಆದರೂ ಜೂನ್ 9ರಂದು, ಬರ್ಲಿನ್ನಿನಲ್ಲಿ ಅವನ ಶವಸಂಸ್ಕಾರವಾದ ದಿನವೇ, ಆಜ್ಞೆ ಹೊರಟಿತು. ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರನ್ನು ಶಿಬಿರಕ್ಕೆ ಸಾಗಿಸಬೇಕು, ಮಕ್ಕಳಲ್ಲಿ ಜರ್ಮನರ ಹಾಗೆ ಕಾಣುವವರಿದ್ದರೆ ಆರಿಸಿ ತೆಗೆಯಬೇಕು, ಊರನ್ನು ನೆಲಸಮ ಮಾಡಬೇಕು.

ಆ ರಾತ್ರಿ ಊರನ್ನು ಸುತ್ತುವರಿದರು. ಹದಿನೈದು ದಾಟಿದ ಹುಡುಗರಿಂದ ಹಿಡಿದು ಮುದುಕರವರೆಗೆ ಎಲ್ಲ ಗಂಡಸರನ್ನೂ ಹೊರಾಕ್ ಮನೆಯಲ್ಲಿ ಕೂಡಿಹಾಕಿದರು. ಮನೆಮನೆಯಿಂದ ಹಾಸಿಗೆಗಳನ್ನು ಎಳೆದು ತಂದು ಕಣಜದ ಗೋಡೆಗೆ ಆನಿಸಿದರು. ಗುಂಡು ಗೋಡೆಗೆ ತಾಗಿ ತಮ್ಮ ಕಡೆಗೇ ಪುಟಿಯಬಾರದಲ್ಲ, ಅದಕ್ಕೆ. ಮೊದಲು ಐದೈದು ಮಂದಿ, ಆಮೇಲೆ ತಡವಾಗುತ್ತದೆಂದು ಹತ್ತು ಹತ್ತು ಮಂದಿ. 173 ಜನ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ಊರಿನ ಇಗರ್ಜಿ ನೋಡಿಕೊಂಡಿದ್ದ ವೃದ್ಧ ಪಾದ್ರಿಯೂ ಅವರಲ್ಲಿ ಒಬ್ಬರು. ರಾತ್ರಿ ಪಾಳಿಗೆ ಹೋಗಿದ್ದವರನ್ನೂ ಹುಡುಕಿ ಹಿಡಿದು ಆಮೇಲೆ ಪ್ರಾಗ್‌ನಲ್ಲಿ ಕೊಂದರು. ಒಟ್ಟು 192 ಗಂಡಸರು.

ಹಾಸಿಗೆಯ ಮಾತು ಓದಿದ ಮೇಲೆ ನನಗೆ ಮ್ಯೂಸಿಯಮ್ಮಿನಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಗೃಹಿಣಿಯಾದವಳಿಗೆ ಹಾಸಿಗೆ ಎಂದರೆ ಏನು ಎನ್ನುವುದು ನಿಮಗೆ ಹೇಳಬೇಕಾಗಿಲ್ಲ. ಹತ್ತಿ ಎಕ್ಕಿ, ಬಿಸಿಲಿಗೆ ಹಾಕಿ, ಹೊದಿಕೆ ಹೊಲಿದು, ಮಕ್ಕಳು ಒದ್ದೆ ಮಾಡಿದರೆ ಗದರಿಸಿ ಮತ್ತೆ ಒಣಗಿಸಿ ಹಾಸಿದ್ದು. ಆ ಊರಿನ ಹೆಂಗಸರೂ ಇದನ್ನೇ ಅಲ್ಲವೇ ಮಾಡಿರುವುದು? ಅವರು ಹಾಸಿದ ಹಾಸಿಗೆಯೇ ಅವರ ಗಂಡಂದಿರ ಬೆನ್ನ ಹಿಂದೆ ನಿಂತಿತು.

ಹೆಂಗಸರಿಗೆ ಇದಾವುದೂ ಗೊತ್ತಾಗಲಿಲ್ಲ. ಬೆಳಕು ಹರಿಯುವ ಮುಂಚೆಯೇ ಅವರನ್ನೂ ಮಕ್ಕಳನ್ನೂ ಕ್ಲಾದ್ನೊದ ಶಾಲೆಯೊಂದಕ್ಕೆ ಸಾಗಿಸಿ, ಅದರ ವ್ಯಾಯಾಮದ ಹಜಾರದಲ್ಲಿ ಇಟ್ಟರು. ಮೂರು ದಿನ ನೆಲದ ಮೇಲೆ, ಹುಲ್ಲಿನ ಮೇಲೆ. ಮೂರನೆಯ ದಿನ ಒಬ್ಬ ಅಧಿಕಾರಿ ಬಂದು, ನಿಮ್ಮನ್ನು ಶಿಬಿರಕ್ಕೆ ಕಳಿಸುತ್ತೇವೆ, ನೀವು ರೈಲಿನಲ್ಲಿ ಹೋಗಿ, ಮಕ್ಕಳಿಗೆ ಸುಖವಾಗಲೆಂದು ಬಸ್ಸಿನಲ್ಲಿ ಕಳಿಸುತ್ತೇವೆ, ಅಲ್ಲಿ ಸೇರಿಕೊಳ್ಳುವಿರಂತೆ ಎಂದು ಹೇಳಿದ. ತಾಯಂದಿರು ಬಿಡಲಿಲ್ಲ. ಸೈನಿಕರು ಮಕ್ಕಳನ್ನು ಕಿತ್ತುಕೊಂಡರು. ಶಾಲೆಯ ಹಜಾರದಲ್ಲಿ! ನಾನು ಆಯುಷ್ಯವೆಲ್ಲ ಕಳೆದದ್ದು ಅಂಥ ಕಟ್ಟಡದಲ್ಲಿಯೇ. ತಾಯಿ ಮಗುವನ್ನು ನಂಬಿ ಬಿಟ್ಟು ಹೋಗುವ ಜಾಗ ಅದು.

203 ಹೆಂಗಸರು ಜರ್ಮನಿಯ ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹೋದರು. ಮಕ್ಕಳು ಪೋಲೆಂಡಿಗೆ ಹೋದರು. ಅಲ್ಲಿನ ವುಚ್ ನಗರದಿಂದ ಆ ಮಕ್ಕಳು ಬಂಧುಗಳಿಗೆ ಬರೆದ ಕಾಗದಗಳು ಉಳಿದಿವೆ. ಹಾಕಿಕೊಳ್ಳಲು ಬಟ್ಟೆ ಕಳಿಸಿ, ತಿನ್ನಲು ಕಳಿಸಿ ಎಂದು ಕೇಳಿ ಬರೆದ ಕಾಗದಗಳು. ಬರೆದ ಕೆಲವೇ ದಿನಗಳಲ್ಲಿ, ಕೆಲವರನ್ನು ಮಾತ್ರ ಆರಿಸಿ ತೆಗೆದು, ಉಳಿದವರನ್ನು ಹೆಲ್ಮ್ನೊ ಎನ್ನುವಲ್ಲಿ ಲಾರಿಯಲ್ಲಿ ತುಂಬಿ, ಬಾಗಿಲು ಮುಚ್ಚಿ, ಹೊಗೆ ಬಿಟ್ಟು ಕೊಂದರು. 82 ಮಕ್ಕಳು.

ಇಲ್ಲಿಯವರೆಗಿನದು ಕೊಲೆಯ ಕಥೆ. ಯುದ್ಧದ ಚರಿತ್ರೆಯಲ್ಲಿ ಇಂಥವು ಬೇಕಾದಷ್ಟಿವೆ. ನನ್ನನ್ನು ಕಾಡಿದ್ದು ಆಮೇಲಿನದು. ಮನುಷ್ಯರನ್ನೆಲ್ಲ ಕಳಿಸಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಮನೆಗಳಿಗೆ ಬೆಂಕಿ ಇಟ್ಟರು. ಸುಟ್ಟ ಗೋಡೆಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. ಇಗರ್ಜಿಯನ್ನೂ ಶಾಲೆಯನ್ನೂ ಹಾರಿಸಿದರು. ಸ್ಮಶಾನ ಅಗೆದು ಗೋರಿಗಳನ್ನು ಒಡೆದರು. ಮರ ಕಡಿದರು. ಕೊಳ ಮುಚ್ಚಿದರು. ದಾರಿಗಳನ್ನು ಅಳಿಸಿ ಬೇರೆ ಕಡೆಯಿಂದ ತೆಗೆದರು. ಕೊನೆಗೆ ತೊರೆಯನ್ನೂ ಬಿಡಲಿಲ್ಲ, ಅದರ ಪಾತ್ರವನ್ನೇ ತಿರುಗಿಸಿದರು. ತಿಂಗಳುಗಟ್ಟಲೆ ಆಳುಗಳು ದುಡಿದರು. ಇದನ್ನೆಲ್ಲ ತಾವೇ ಚಲನಚಿತ್ರ ಮಾಡಿಟ್ಟುಕೊಂಡಿದ್ದರು. ಆ ಚಿತ್ರವೇ ಮುಂದೆ ನ್ಯೂರೆಂಬರ್ಗಿನ ವಿಚಾರಣೆಯಲ್ಲಿ ಅವರ ವಿರುದ್ಧ ಸಾಕ್ಷಿಯಾಯಿತು. ಲಿದಿತ್ಸೆ ಎಂಬ ಹೆಸರನ್ನು ಅಳಿಸಲಾಗಿದೆ ಎಂದು ಅವರು ರೇಡಿಯೋದಲ್ಲಿ ರಾಜಾರೋಷವಾಗಿ ಸಾರಿದ್ದರು.

ಓದುತ್ತಾ ಓದುತ್ತಾ ನನಗೆ ಮೈ ತಣ್ಣಗಾಯಿತು. ಕೆರೆ, ಗುಡಿ, ಶಾಲೆ, ದಾರಿ, ಸ್ಮಶಾನ. ಇದು ನನ್ನದೇ ಪಟ್ಟಿ! ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ನಾನು ಬರೆದ ಪಟ್ಟಿಯನ್ನೇ ಯಾರೋ ಕೈಯಲ್ಲಿ ಹಿಡಿದು ಒಂದೊಂದಾಗಿ ಗೀಟು ಹಾಕುತ್ತಾ ಹೋದ ಹಾಗಿತ್ತು. ಊರು ಎಂದರೆ ಏನು ಎನ್ನುವುದು ನನಗೆ ಗೊತ್ತಿದ್ದಷ್ಟೇ ಚೆನ್ನಾಗಿ ಅವರಿಗೂ ಗೊತ್ತಿತ್ತು.

ಅದೇ ಊರಿನವನೊಬ್ಬ, ಬೇರೆ ಯಾವುದೋ ಅಪರಾಧಕ್ಕಾಗಿ ಜೈಲಿನಲ್ಲಿದ್ದವನು, ಆ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಮನೆಗೆ ನಡೆದುಕೊಂಡು ಬಂದನಂತೆ. ಜೈಲಿನಲ್ಲಿ ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಬಂದರೆ ಊರಿಲ್ಲ. ದಾರಿ ತಪ್ಪಿ ಬೇರೆಲ್ಲೋ ಬಂದೆನೇನೋ ಎಂದು ಅವನಿಗೆ ಅನಿಸಿರಬೇಕು. ಗುರುತು ಹಿಡಿಯಲು ಒಂದು ತಿರುವಾದರೂ ಬೇಕಲ್ಲ!

ಆ ಬಯಲಿನಲ್ಲಿ ಈಗ ಕಾಣುವುದು ಅಗೆದು ತೆಗೆದ ಅಡಿಪಾಯಗಳು: ಇಗರ್ಜಿಯದು, ಶಾಲೆಯದು, ಹೊರಾಕ್ ಮನೆಯದು. ಗಂಡಸರನ್ನು ಒಟ್ಟಿಗೆ ಹೂತ ಜಾಗದ ಹತ್ತಿರ ಒಂದು ಎತ್ತರದ ಶಿಲುಬೆ, ಅದಕ್ಕೆ ಮುಳ್ಳುತಂತಿಯ ಕಿರೀಟ. ಅಲ್ಲಿಂದ ಸ್ವಲ್ಪ ಈಚೆಗೆ ಇಳಿಜಾರಿನಲ್ಲಿ ಆ ಮಕ್ಕಳು ನಿಂತಿದ್ದಾರೆ.

ಕಂಚಿನ ಮಕ್ಕಳು. 42 ಹುಡುಗಿಯರು, 40 ಹುಡುಗರು. ಮಾರಿಯೆ ಉಖಿತಿಲೊವಾ ಎಂಬ ಶಿಲ್ಪಿ, ಒಬ್ಬ ಹೆಂಗಸು, 1969ರಲ್ಲಿ ಇವರನ್ನು ಕಡೆಯಲು ಕೂತಳು. ಇಪ್ಪತ್ತು ವರ್ಷ ಹಿಡಿಯಿತು. ಗಾರೆಯಲ್ಲಿ ಎಂಬತ್ತೆರಡೂ ಮುಗಿದವು. ಕಂಚಿಗೆ ಎರಕ ಹೊಯ್ಯುವುದನ್ನು ಪೂರಾ ನೋಡಲು ಅವಳು ಉಳಿಯಲಿಲ್ಲ. 1989ರ ನವೆಂಬರ್ 16ರಂದು ತೀರಿಕೊಂಡಳು. ಮರುದಿನವೇ ಪ್ರಾಗ್‌ನ ಬೀದಿಗಳಲ್ಲಿ, ಅವಳು ಬದುಕಿದ್ದ ಕಾಲದ ಸರ್ಕಾರವನ್ನು ಉರುಳಿಸಿದ ಚಳವಳಿ ಶುರುವಾಯಿತು. ಗಂಡ ಕೆಲಸ ಮುಂದುವರಿಸಿದ. 1995ರಿಂದ ಒಂದಿಷ್ಟು ಒಂದಿಷ್ಟು ಮಕ್ಕಳನ್ನು ಈ ಇಳಿಜಾರಿನಲ್ಲಿ ತಂದು ನಿಲ್ಲಿಸುತ್ತಾ ಹೋಗಿ, 2000ದಲ್ಲಿ ಕೊನೆಯವರನ್ನು ನಿಲ್ಲಿಸಿದ.

ಎಲ್ಲರೂ ಕಣಿವೆಯ ಕಡೆಗೆ ಮುಖ ಮಾಡಿ ನಿಂತಿದ್ದಾರೆ. ದೊಡ್ಡವರು ಹಿಂದೆ, ಸಣ್ಣವರು ಮುಂದೆ. ಒಬ್ಬರ ಪಕ್ಕ ಒಬ್ಬರು, ಶಾಲೆಯ ಗ್ರೂಪ್ ಫೋಟೋಕ್ಕೆ ನಿಂತ ಹಾಗೆ. ಜನ ಅವರ ಕಾಲ ಬಳಿ ಗೊಂಬೆ, ಹೂವು ಇಟ್ಟು ಹೋಗಿದ್ದರು. ನನ್ನ ಚೀಲದಲ್ಲಿ ಕುಲಾವಿ ಇತ್ತು. ಬಸ್ಸಿನಲ್ಲಿ ಹೆಣೆದು ಹೆಚ್ಚು ಕಡಿಮೆ ಮುಗಿಸಿದ್ದೆ. ಆ ಗುಂಪಿನಲ್ಲಿ ತೀರ ಸಣ್ಣ ಮಗುವೊಂದು ಕಂಡಾಗ, ಇದನ್ನು ಇಲ್ಲಿಟ್ಟುಬಿಡಲೇ ಎಂದು ಕೈ ಚೀಲಕ್ಕೆ ಹೋಯಿತು. ತೆಗೆದೆ. ಹಿಡಿದುಕೊಂಡು ನಿಂತೆ. ಆದರೆ ಅದು ಮನೆಯಲ್ಲಿ ಮಲಗಿದ್ದ ಕೂಸಿನದು. ಅವಳ ತಲೆಯ ಅಳತೆಗೆ ಹೊಲಿಗೆ ಎಣಿಸಿದ್ದು. ಎಷ್ಟೇ ಓದಿದವಳಾದರೂ ಮನಸ್ಸಿನ ಮೂಲೆಯಲ್ಲಿ ಒಂದು ಹೆದರಿಕೆ ಇದ್ದೇ ಇರುತ್ತದೆ ನೋಡಿ. ಮತ್ತೆ ಚೀಲಕ್ಕೆ ಹಾಕಿಕೊಂಡೆ. ನಾಚಿಕೆಯೂ ಆಯಿತು. ಚಪಾತಿಯ ಡಬ್ಬಿ ಬಿಚ್ಚಲಿಲ್ಲ.

ಯುದ್ಧ ಮುಗಿದ ಮೇಲೆ, 1945ರಲ್ಲಿ, 143 ಹೆಂಗಸರು ಶಿಬಿರದಿಂದ ಬದುಕಿ ಬಂದರು. ಗಂಡಂದಿರು ಎಲ್ಲೋ ಸೆರೆಯಲ್ಲಿರಬಹುದು, ಮಕ್ಕಳು ಎಲ್ಲೋ ಬೆಳೆಯುತ್ತಿರಬಹುದು ಎಂಬ ನಂಬಿಕೆಯ ಮೇಲೆ ಮೂರು ವರ್ಷ ಜೀವ ಹಿಡಿದುಕೊಂಡಿದ್ದವರು ಬಹಳ ಮಂದಿ. ನಡೆದದ್ದೆಲ್ಲ ಅವರಿಗೆ ತಿಳಿದದ್ದು ಆಗ. ಒಂದು ಪಿಯರ್ ಹಣ್ಣಿನ ಮರ ಮಾತ್ರ ಉಳಿದಿತ್ತಂತೆ. 105 ಮಕ್ಕಳಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು 17 ಮಂದಿ. ಕೆಲವರನ್ನು ಜರ್ಮನ್ ಮನೆಗಳಿಗೆ ಸಾಕಲು ಕೊಟ್ಟಿದ್ದರು, ಹೆಸರನ್ನೂ ಬದಲಿಸಿದ್ದರು. ಹತ್ತು ವರ್ಷದವಳಿದ್ದಾಗ ಹೋದ ಹುಡುಗಿಯೊಬ್ಬಳು 1946ರಲ್ಲಿ ಮರಳಿ ಬಂದಳು. ತಾಯಿ ಬದುಕಿದ್ದಳು, ಆದರೆ ಕ್ಷಯ ಹಿಡಿದು ಆಸ್ಪತ್ರೆಯಲ್ಲಿದ್ದಳು. ಮಗಳಿಗೆ ಚೆಕ್ ಭಾಷೆ ಮರೆತುಹೋಗಿತ್ತು. ಜರ್ಮನ್ ಒಂದೇ ಬರುತ್ತಿತ್ತು. ತಾಯಿ ಮಗಳು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ಕೆಲವೇ ತಿಂಗಳಲ್ಲಿ ತಾಯಿ ತೀರಿಕೊಂಡಳು.

ಇದನ್ನು ಓದಿದಾಗ ನಾನು ಮಗಳಿಗೆ ಆಡಿದ ಮಾತು ನೆನಪಾಯಿತು. "ಕಿತ್ತುಕೊಂಡ ಹಾಗೆ" ಎಂದಿದ್ದೆ. ಕಿತ್ತುಕೊಳ್ಳುವುದು ಎಂದರೆ ಏನು ಎನ್ನುವುದು ಇಲ್ಲಿ ಬರೆದಿತ್ತು. ನನ್ನ ಮೊಮ್ಮಗಳ ನಾಲಿಗೆಯಿಂದ ಯಾರೂ ಏನನ್ನೂ ಕಿತ್ತುಕೊಳ್ಳುತ್ತಿರಲಿಲ್ಲ. ಅವಳಿಗೆ ಇನ್ನೊಂದು ಭಾಷೆ ಸಿಗುತ್ತಿತ್ತು, ಅಷ್ಟೆ. ನನ್ನದನ್ನು ಕೊಡಬೇಕಾದವಳು ನಾನೇ. ಅದಕ್ಕೆ ನನ್ನ ಕೈಯನ್ನು ಹಿಡಿದವರು ಯಾರು?

ಆ ಹೆಂಗಸರು ಬೇರೆ ಊರುಗಳಲ್ಲಿ ಚದುರಿ ಹೋಗಬಹುದಿತ್ತು. ಹಾಗಾಗಲಿಲ್ಲ. ಹಳೆಯ ಊರಿನ ಪಕ್ಕದ ದಿಬ್ಬದ ಮೇಲೆ 1947ರಲ್ಲಿ ಹೊಸ ಲಿದಿತ್ಸೆಗೆ ಅಡಿಗಲ್ಲು ಹಾಕಿದರು. 150 ಮನೆಗಳು ಎದ್ದವು. ಹಳೆಯ ಬಯಲನ್ನು ಬಯಲಾಗಿಯೇ ಬಿಟ್ಟರು. ಅಷ್ಟರಲ್ಲಿ ಅಳಿಸಿದ ಹೆಸರು ಪ್ರಪಂಚವೆಲ್ಲ ಹಬ್ಬಿತ್ತು. 1942ರಲ್ಲೇ ಅಮೆರಿಕದ ಇಲಿನಾಯ್ ಸಂಸ್ಥಾನದ ಒಂದು ಬಡಾವಣೆ, ಮೆಕ್ಸಿಕೋದ ಒಂದು ಹಳ್ಳಿ ಆ ಹೆಸರನ್ನು ಇಟ್ಟುಕೊಂಡವು. ದಕ್ಷಿಣ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೂ ಲಿದಿತ್ಸೆ ಎಂದು ಹೆಸರಿಟ್ಟರು. ಇಂಗ್ಲೆಂಡಿನಲ್ಲಿ, ಪಿಂಗಾಣಿ ಮತ್ತು ಕಲ್ಲಿದ್ದಲಿನ ಊರಾದ ಸ್ಟೋಕ್ ಆನ್ ಟ್ರೆಂಟಿನಲ್ಲಿ, ಬಾರ್ನೆಟ್ ಸ್ಟ್ರಾಸ್ ಎಂಬ ವೈದ್ಯರು 1942ರ ಸೆಪ್ಟೆಂಬರಿನಲ್ಲಿ ಲಿದಿತ್ಸೆ ಬದುಕಲಿದೆ ಎಂಬ ಚಳವಳಿ ಹೂಡಿ, ಅಲ್ಲಿನ ಗಣಿ ಕಾರ್ಮಿಕರಿಂದ ಹಣ ಕೂಡಿಸಿದರು. ತಮ್ಮಂಥದೇ ಗಣಿಯ ಕೆಲಸದವರ ಊರು ಎಂಬ ಮರುಕ ಅವರಿಗೆ. 1955ರ ಜೂನ್‌ನಲ್ಲಿ ಹಳೆಯ ಊರಿಗೂ ಹೊಸ ಊರಿಗೂ ನಡುವೆ ಗುಲಾಬಿ ತೋಟ ತೆರೆಯಿತು. ದೇಶದೇಶಗಳಿಂದ ಗಿಡಗಳು ಬಂದವು. ನಾನು ಹೋದಾಗ ಜೂನ್ ತಿಂಗಳೇ. ಬಿರಿದ ಗುಲಾಬಿಗಳ ನಡುವೆ ನಡೆದುಕೊಂಡೇ ಹೊಸ ಊರಿಗೆ ಹತ್ತಿದೆ. ಅಲ್ಲಿ ಒಬ್ಬಳು ಬಟ್ಟೆ ಒಣಗಿಹಾಕುತ್ತಿದ್ದಳು. ಎಲ್ಲೋ ನಾಯಿ ಬೊಗಳುತ್ತಿತ್ತು. ಆ ದಿನ ಅಷ್ಟು ಹಿತವಾದ ಸದ್ದು ನಾನು ಇನ್ನೊಂದು ಕೇಳಲಿಲ್ಲ.

ಹೊಸ ಊರಿನ ಗ್ಯಾಲರಿಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. 1967ರಲ್ಲಿ ಶುರುವಾಗಿ, 1973ರಿಂದ ಹೊರದೇಶದ ಮಕ್ಕಳಿಗೂ ತೆರೆದ ಪ್ರದರ್ಶನ. ಹೌದು, ನಮ್ಮ ಡ್ರಾಯಿಂಗ್ ಮೇಷ್ಟ್ರು ತಂದ ಕಾಗದದ್ದೇ. ಗೋಡೆಗಳ ತುಂಬಾ ಆನೆ, ಮೀನು, ಮದುವೆ, ಮಳೆ. ಭಾರತದ ಮಕ್ಕಳ ಚಿತ್ರಗಳೂ ಇದ್ದವು. ಒಂದರಲ್ಲಿ ಅಂಗಳ, ರಂಗೋಲಿ, ಸೀರೆಯುಟ್ಟ ಮುದುಕಿ. ಅದರ ಮುಂದೆ ಬಹಳ ಹೊತ್ತು ನಿಂತೆ. 1994ರಲ್ಲಿ ನಮ್ಮ ಶಾಲೆಯಿಂದ ಬಂದ ಚಿತ್ರ ಎಲ್ಲಿ ಹೋಯಿತೋ, ಕೇಳುವಷ್ಟು ಭಾಷೆ ನನಗಿರಲಿಲ್ಲ. ಆದರೆ ಅಜ್ಜಿ ಇಲ್ಲದೆ, ಅಜ್ಜಿ ಮನೆ ಇಲ್ಲದೆ ಹೋದ ಈ ಊರಿಗೆ ಆ ಹುಡುಗಿಯ ಅಜ್ಜಿ ಒಮ್ಮೆ ಬಂದು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು ಎನ್ನುವುದು ಆ ಕ್ಷಣಕ್ಕೆ ಸಾಕೆನಿಸಿತು.

ಸಂಜೆ ಮನೆಗೆ ಬಂದಾಗ ಮಗಳು, "ಏನಿತ್ತಮ್ಮಾ ಅಲ್ಲಿ?" ಎಂದಳು. "ಏನೂ ಇಲ್ಲ ಕಣೇ, ಬಯಲು" ಎಂದೆ. ಆಮೇಲೆ ಕೈಕಾಲು ತೊಳೆದು ಬಂದು, ಅವಳ ಪಕ್ಕ ಕೂತು, ಎಲ್ಲವನ್ನೂ ಹೇಳಿದೆ. ಹಾಸಿಗೆಯ ಮಾತೊಂದು ಬಿಟ್ಟು. "ನಾನು ಹಾಗಂದದ್ದು ತಪ್ಪಾಯಿತು" ಎಂದೂ ಹೇಳಿದೆ. ಮಗಳು ಏನೂ ಹೇಳಲಿಲ್ಲ. ಮಗುವನ್ನು ಎತ್ತಿ ನನ್ನ ಮಡಿಲಲ್ಲಿ ಹಾಕಿದಳು. ಕುಲಾವಿಯ ಕೊನೆಯ ಸಾಲು ಹೆಣೆದು, ದಾರ ಕಟ್ಟಿ, ತಲೆಗೆ ಹಾಕಿದೆ. ಅವತ್ತಿನಿಂದ ನಾನು ಅಲ್ಲಿದ್ದಷ್ಟು ದಿನವೂ ಆ ಕೂಸಿನ ಕಿವಿಗೆ ಕನ್ನಡ ಸುರಿದದ್ದೇ ಸುರಿದದ್ದು. ಈಗ ಅವಳು ಶಾಲೆಗೆ ಹೋಗುತ್ತಾಳೆ. ಫೋನಿನಲ್ಲಿ ಮೂರು ಭಾಷೆ ಕಲಸಿ ನನ್ನ ಜೊತೆ ಜಗಳವಾಡುತ್ತಾಳೆ. ರಜೆಗೆ "ಅಜ್ಜಿ ಮನೆಗೆ" ಬರುತ್ತೇನೆ ಎನ್ನುತ್ತಾಳೆ. ನಮ್ಮೂರಿನ ಹೆಸರು ಅವಳಿಗೆ ಇನ್ನೂ ಸರಿಯಾಗಿ ಬರುವುದಿಲ್ಲ.

ಹಿಂದಿನ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ, ಎಷ್ಟು ಮಕ್ಕಳ ತಾಯಿಯೋ ಗೊತ್ತಿಲ್ಲ. ಸಂತೆಯಲ್ಲೋ ಮದುವೆಮನೆಯಲ್ಲೋ ಎಂದಾದರೂ ಸಿಕ್ಕರೆ ಅವಳಿಗೆ ಒಂದು ಮಾತು ಹೇಳಬೇಕು. ಅವತ್ತು ನಿನ್ನ ಉತ್ತರ ಸರಿಯಾಗಿತ್ತು ಕಣಮ್ಮ, ನಾನೇ ನಕ್ಕು ಕೂರಿಸಿಬಿಟ್ಟೆ ಎಂದು.